ನದಾಫರ ಜಾಗ

ನನ್ನನ್ನು ಕಂಡವರು ಮೊದಲು ಕೇಳುವುದು ಒಂದೇ ಮಾತು: “ಇದರಾಗ ಹಾಡು ಬರ್ತಾವೇನ್ರಿ?” ಬರುವುದಿಲ್ಲ. ಹಾಡು, ವಾರ್ತೆ, ನಾಟಕ ಯಾವುದೂ ಬರುವುದಿಲ್ಲ. ನಾನು ಹ್ಯಾಮ್ ರೇಡಿಯೊ. ಪರೀಕ್ಷೆ ಕಟ್ಟಿ ಲೈಸೆನ್ಸ್ ಪಡೆದ ಹವ್ಯಾಸಿಗಳು ತಮ್ಮ ತಮ್ಮ ಮನೆಯಲ್ಲಿ ಕೂತು ಪರವೂರಿನ ಹವ್ಯಾಸಿಗಳ ಜೊತೆ ಮಾತಾಡುವ ಯಂತ್ರ. ಮಾತು ಹಿಡಿಯುವುದೂ ನಾನೇ, ಕಳಿಸುವುದೂ ನಾನೇ. ಅಂಗಡಿಯ ಸರಕಲ್ಲ, ಕೈಯಲ್ಲಿ ಮಾಡಿದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನ ಮೇಲೊಂದು ಆರೋಪ ಬರಲಿದೆ.

ನಾನು ಹುಟ್ಟಿದ್ದು ಗದಗಿನಲ್ಲಿ, ಗುರುಪಾದಪ್ಪ ಹೊಂಬಳರ ಅಡುಗೆಮನೆಗೆ ಹತ್ತಿದ ಸಣ್ಣ ಕೋಣೆಯಲ್ಲಿ. ಗುರುಪಾದಪ್ಪ ಒಂದು ಟಾಕೀಜಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದರು. ಟಾಕೀಜಿನವರು ಹೊಸ ಆಂಪ್ಲಿಫೈಯರ್ ತರಿಸಿ ಹಳೆಯದನ್ನು ಗುಜರಿಗೆ ಹಾಕಲು ಹೊರಟಾಗ ಇವರು ಕೇಳಿ ಮನೆಗೆ ಹೊತ್ತು ತಂದರು. ಬಲ್ಬಿನಂತೆ ಉರಿಯುವ ನನ್ನ ಗಾಜಿನ ವಾಲ್ವುಗಳು ಅದರವು. ಎಷ್ಟೋ ಸಿನಿಮಾಗಳ ಅಳು, ಹೊಡೆದಾಟ ಎಲ್ಲ ಅವುಗಳ ಮೂಲಕ ಹಾದು ಹೋಗಿವೆ. ಮೈ ಮಾತ್ರ ಹೊಸದು, ಓಣಿಯ ಬಡಿಗೇರರು ಮಾಡಿದ ಸಾಗವಾನಿ ಪೆಟ್ಟಿಗೆ. ಮೇಲಿನ ಹಲಗೆಗೆ ಗಾಳಿಯಾಡಲು ನಾಲ್ಕು ತೂತು ಬೇಕೆಂದು ಗುರುಪಾದಪ್ಪ ಹೇಳಿದ್ದರು. ಅವರ ಹೆಂಡತಿ ನೀಲಗಂಗವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

“ತೂತು ಗೀತು ಏನೂ ಬ್ಯಾಡ. ಹಲ್ಲಿ ಹೊಕ್ಕು ಒಳಗ ಸತ್ತರ ಯಾರು ತಗೀಬೇಕು? ಪಕ್ಕದಾಗ ಅಡಗಿ ಮಾಡಾಕಿ ನಾನು.”

ಹಾಗಾಗಿ ತೂತಿಲ್ಲದೆ ನನ್ನನ್ನು ಮುಚ್ಚಿದರು. ವಾಲ್ವು ಉರಿದರೆ ಒಳಗೆ ಒಲೆಯ ಕಾವು. ಕಾವಿಗೆ ನನ್ನೊಳಗಿನ ತಾಮ್ರದ ಸುರುಳಿ ಕೂದಲೆಳೆಯಷ್ಟು ಹಿಗ್ಗುತ್ತದೆ. ಅದು ಹಿಗ್ಗಿತೆಂದರೆ, ಡಯಲ್ಲಿನ ಯಾವ ಜಾಗದಲ್ಲಿ ಮಾತು ಶುರು ಮಾಡಿದ್ದೆನೋ ಅಲ್ಲಿಂದ ಕೆಳಕ್ಕೆ ಜಾರುತ್ತೇನೆ. ಮುಳ್ಳು ಅಲುಗಾಡುವುದಿಲ್ಲ, ಗುಂಡಿ ತಿರುಗುವುದಿಲ್ಲ. ನಾನು ಮಾತ್ರ ಅಲ್ಲಿರುವುದಿಲ್ಲ. ಕೆಲಸ ಮಾಡಿದರೆ ಯಾರಿಗೆ ಮೈ ಬಿಸಿಯಾಗುವುದಿಲ್ಲ ಹೇಳಿ. ಆದರೆ ಆಗ ಇದು ಗುರುಪಾದಪ್ಪನವರಿಗೆ ಗೊತ್ತಿರಲಿಲ್ಲ, ನನಗೆ ಹೇಳಲು ಬರುತ್ತಿರಲಿಲ್ಲ.

ಗುರುಪಾದಪ್ಪನವರ ಜೀವದ ಗೆಳೆಯ ಇಮಾಮಸಾಬ ನದಾಫ. ಕುಷ್ಟಗಿಯಲ್ಲಿ ಗಾದಿ ಹೊಲಿಯುವ ಅಂಗಡಿ. ಹುಬ್ಬಳ್ಳಿಯಲ್ಲಿ ಹೇಗೋ ಪರಿಚಯವಾಗಿ, ಇಬ್ಬರೂ ಒಟ್ಟಿಗೆ ಓದಿ, ಒಂದೇ ಬೆಂಚಿನಲ್ಲಿ ಕೂತು ಲೈಸೆನ್ಸಿನ ಪರೀಕ್ಷೆ ಬರೆದವರು. ನದಾಫರ ರೇಡಿಯೊ ನನಗಿಂತ ಬಡವ. ಊರಲ್ಲಿ ಕರೆಂಟಿನ ಭರವಸೆಯಿಲ್ಲವೆಂದು ಅದನ್ನು ಟ್ರ್ಯಾಕ್ಟರ್ ಬ್ಯಾಟರಿಗೆ ಕಟ್ಟಿದ್ದರು. ಕೇಳುವುದಕ್ಕೆ ಅದು ಎಲ್ಲೆಡೆ ತಿರುಗುತ್ತಿತ್ತು. ಮಾತಾಡುವುದಕ್ಕೆ ಮಾತ್ರ ಒಂದೇ ಜಾಗ. ಮಿಲಿಟರಿಯ ಹಳೆ ಸಾಮಾನಿನಲ್ಲಿ ಸಿಕ್ಕ ಒಂದು ಸ್ಫಟಿಕದ ಹರಳು ಅದರೊಳಗಿತ್ತು. ಹರಳು ಯಾವ ಅಳತೆಗೆ ಕೊಯ್ದಿದೆಯೋ ಆ ಜಾಗದಲ್ಲೇ ಮಾತಾಡುತ್ತದೆ. ನದಾಫರದ್ದು ಏಳು ಸಾವಿರದ ಐವತ್ತಮೂರು ಕಿಲೊಹರ್ಟ್ಸ್. ಕಾಯಲಿ, ತಣಿಯಲಿ, ಅದು ಅಲ್ಲಿಂದ ಕದಲುವುದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ದಿನ ಗುರುಪಾದಪ್ಪನವರಿಗೆ ನೆಟ್ ಕಟ್ಟುವ ಹುಚ್ಚು ಹಿಡಿಯಿತು. ಈಗಿನ ನೆಟ್ ಅಲ್ಲ. ಸುತ್ತಲಿನ ಊರುಗಳ ಹ್ಯಾಮ್‌ಗಳೆಲ್ಲ ಭಾನುವಾರ ಬೆಳಿಗ್ಗೆ ಒಂದೇ ಜಾಗದಲ್ಲಿ ಸೇರುವುದು, ಒಬ್ಬರು ಹೆಸರು ಹಿಡಿದು ಕರೆಯುವುದು, ಕರೆದವರು ಓಗೊಟ್ಟು ತಮ್ಮ ಸುದ್ದಿ ಹೇಳುವುದು. ಕರೆಯುವವರಿಗೆ ನೆಟ್ ಕಂಟ್ರೋಲ್ ಎಂದು ಹೆಸರು. ಗುರುಪಾದಪ್ಪನವರೇ ಆ ಕೆಲಸ ಹೊತ್ತರು. ಜಾಗ ಯಾವುದು ಎಂಬ ಮಾತು ಬಂದಾಗ, “ನದಾಫಗ ಬ್ಯಾರೆ ಕಡೆ ಹೋಗಾಕ ಆಗೂದಿಲ್ಲ, ನಾವ ಅವನ ಹತ್ರ ಹೋಗೂಣು” ಎಂದರು. ಹೀಗೆ ಏಳು ಸಾವಿರದ ಐವತ್ತಮೂರು ನಿಗದಿಯಾಯಿತು. ಮೊದಲ ಭಾನುವಾರ ನಾಲ್ಕೇ ಜನ. ನಾನು ಬಿಸಿಯಾಗುವುದರೊಳಗೆ ಎಲ್ಲರ ಮಾತು ಮುಗಿದು ಚಹಾ ಬಂದಿತ್ತು.

ನೆಟ್ಟಿಗೆ ಎರಡು ಕಟ್ಟಳೆ ಮಾಡಿದರು. ಕರೆಯುವುದು ಹತ್ತಿರದವರಿಂದ ದೂರದವರಿಗೆ. ದೂರದವರ ದನಿ ಸಣ್ಣದಾಗಿ ಬರುತ್ತದೆ, ಗದ್ದಲ ಮುಗಿದ ಮೇಲೆ ಅವರನ್ನು ಸಮಾಧಾನವಾಗಿ ಕೇಳಬಹುದು ಎಂಬ ಮರ್ಯಾದೆ. ಎರಡನೆಯದು, ಕರೆಯುವ ತನಕ ಯಾರೂ ಬಾಯಿ ಬಿಡಬಾರದು. ಎರಡೂ ಒಳ್ಳೆಯ ಮನಸ್ಸಿನಿಂದ ಮಾಡಿದವೇ. ಆಗಿನವರಲ್ಲಿ ಎಲ್ಲರಿಗಿಂತ ದೂರದವರು ನದಾಫರು, ದನಿಯೂ ಎಲ್ಲರಿಗಿಂತ ಸಣ್ಣದು, ಹಾಗಾಗಿ ಅವರ ಹೆಸರು ಯಾವಾಗಲೂ ಕೊನೆಗೆ ಬರುತ್ತಿತ್ತು.

ನೆಟ್ ಬೆಳೆಯಿತು. ಹುಬ್ಬಳ್ಳಿ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಹೊಸ ಹೊಸ ದನಿಗಳು ಬಂದವು. ಒಬ್ಬರ ಬಾವಿಯ ನೀರು, ಇನ್ನೊಬ್ಬರ ಮಗಳ ನಿಶ್ಚಯ, ಮತ್ತೊಬ್ಬರಿಗೆ ಎಲ್ಲೂ ಸಿಗದ ಒಂದು ಕಂಡೆನ್ಸರ್. ಗುರುಪಾದಪ್ಪ ಮೀಸೆಯ ಕೆಳಗೆ ನಗುತ್ತ ಎಲ್ಲ ಕೇಳುವರು. ನಾನು ಅವರ ಮುಖ ನೋಡಿದ್ದೆಲ್ಲ ಗದ್ದದ ಕೆಳಗಿನಿಂದಲೇ, ಆ ಗದ್ದ ಆಗ ಬಹಳ ಸುಖದಲ್ಲಿತ್ತು. ಅರ್ಧ ನೆಟ್ ಆಗುವಷ್ಟರಲ್ಲಿ ನಾನು ಕುದಿಯುತ್ತಿದ್ದೆ. ಜಾರುತ್ತಿದ್ದೆ. ನೆಟ್ ಕಂಟ್ರೋಲ್ ದನಿ ಸ್ವಲ್ಪ ಸೊಟ್ಟಗಾಯಿತೆಂದರೆ ಉಳಿದವರು ಮರ್ಯಾದೆಯಿಂದ ತಂತಮ್ಮ ಗುಂಡಿ ತಿರುಗಿಸಿ ನನ್ನ ಹಿಂದೆ ಬರುತ್ತಿದ್ದರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಿರಿಯರಿಗೆ ‘ನಿಮ್ಮ ರೇಡಿಯೊ ನೆಟ್ಟಗಿಲ್ಲ’ ಎನ್ನುವುದು ಹೇಗೆ? ಎಲ್ಲರೂ ಹಿಂದೆ ಬಂದದ್ದರಿಂದ ಗುರುಪಾದಪ್ಪನವರಿಗೆ ತಾವು ಕುಂತಲ್ಲೇ ಕುಂತಿದ್ದೇವೆ ಎಂದೇ ಅನಿಸುತ್ತಿತ್ತು.

ನದಾಫರು ಮಾತ್ರ ಹಿಂದೆ ಬರುವಂತಿರಲಿಲ್ಲ.

“ಕುಷ್ಟಗಿ, ನದಾಫ ಅವರ, ಅದೀರೇನ್ರಿ?” ಎಂದು ಗುರುಪಾದಪ್ಪ ಕರೆಯುವರು. ಕಾಯುವರು. ಸೊಯ್ ಎಂಬ ಸದ್ದು ಬಿಟ್ಟರೆ ಏನಿಲ್ಲ. ಮತ್ತೆ ಕರೆಯುವರು. ಅತ್ತ ಕುಷ್ಟಗಿಯಲ್ಲಿ ನದಾಫರು ಈ ಕರೆಯನ್ನು ಸ್ಪಷ್ಟವಾಗಿ ಕೇಳಿ, ತಮ್ಮ ಜಾಗದಲ್ಲಿ ಕೂತು ಓಗೊಡುತ್ತಿದ್ದರು. ಆ ಉತ್ತರ ನಾನು ಬಿಟ್ಟುಬಂದ ಜಾಗದಲ್ಲಿ ಬಿದ್ದು ಹಾಳಾಗುತ್ತಿತ್ತು.

ಮೊದಮೊದಲು “ಬ್ಯಾಟರಿ ಇಳಿದಿರಬೇಕು” ಎಂದರು ಗುರುಪಾದಪ್ಪ. ಆಮೇಲೆ “ಗಾದಿ ಸೀಜನ್ ಅದ” ಎಂದರು. ಹಾಗೇ ತಿಂಗಳುಗಳು ಹೋದವು. ಒಂದು ದಿನ ಮೈಕು ಕೆಳಗಿಟ್ಟು ನೀಲಗಂಗವ್ವನವರಿಗೆ ಹೇಳಿದ್ದು ನನಗೆ ಕೇಳಿಸಿತು.

“ನಾ ನೆಟ್ ಕಂಟ್ರೋಲ್ ಆಗಿದ್ದು ಅವಗ ಸೇರಿಲ್ಲ ಕಾಣಸ್ತದ. ಕರದ್ರ ಓ ಅನ್ನಾಕೂ ಬ್ಯಾಸರ.”

“ಒಂದು ಕಾಗದ ಹಾಕಿ ಕೇಳ್ರಿ.”

“ನಾ ಯಾಕ ಹಾಕ್ಲಿ? ಅವಗ ಕೈ ಇಲ್ಲೇನು?”

ಕುಷ್ಟಗಿಯಲ್ಲೂ ಇದೇ ಮಾತು ನಡೆದಿತ್ತೆಂದು ಆಮೇಲೆ ಗೊತ್ತಾಯಿತು. ಬಾಯಿಬಿಟ್ಟು ಕೇಳಿದ್ದರೆ ಒಂದು ಚಹಾದ ಹೊತ್ತಿನಲ್ಲಿ ಮುಗಿಯುವ ವಿಷಯ. ಊರೂರಿಗೆ ಮಾತು ಮುಟ್ಟಿಸುವ ಇಬ್ಬರು ಬುದ್ಧಿವಂತರು ತಮ್ಮ ತಮ್ಮಲ್ಲಿ ಮಾತು ಬಿಟ್ಟು ಕೂತರು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿಗೆ ಇನ್ನಷ್ಟು ಬಿಸಿಯಾಗುತ್ತಿದ್ದೆ ಎಂದರೆ ನೀವು ನಂಬುವುದಿಲ್ಲ, ಬಿಡಿ.

ಹಾವೇರಿಯ ಇನಾಮದಾರ ಡಾಕ್ಟರು ಶಿಸ್ತಿನ ಮನುಷ್ಯ. ಅವರು ನೆಟ್ಟಿನಲ್ಲೇ ವಿಷಯ ಎತ್ತಿದರು. “ಹೊಂಬಳ ಅವರ, ಓಗೊಡದ ಹೆಸರನ್ನ ವಾರವಾರ ಎಷ್ಟಂತ ಕರೀತೀರಿ? ಉಳಿದವ್ರು ಕಾಯ್ಬೇಕಾಗ್ತದ. ಮುಂದಿನ ಐತವಾರ ಒಮ್ಮೆ ಕರದು ನೋಡ್ರಿ. ಇಲ್ಲಂದ್ರ ತಗದುಬಿಡ್ರಿ.” ಒಬ್ಬೊಬ್ಬರಾಗಿ ಎಲ್ಲರೂ ಹೂಂ ಎಂದರು. ಗುರುಪಾದಪ್ಪನವರ ಹೆಬ್ಬೆರಳು ಮೈಕಿನ ಗುಂಡಿಯ ಮೇಲೆ ಬಹಳ ಹೊತ್ತು ಇತ್ತು. ಕೊನೆಗೆ “ಆಗ್ಲಿ” ಎಂದರು. ನದಾಫರಿಗಾಗಿಯೇ ಹುಡುಕಿದ ಜಾಗದಲ್ಲಿ ಕಟ್ಟಿದ ನೆಟ್ ಅದು. ಈಗ ಅವರ ಹೆಸರೇ ಅದರಿಂದ ಹೋಗುವುದಿತ್ತು. ಆ ತೀರ್ಮಾನವನ್ನೂ ನದಾಫರು ತಮ್ಮ ಅಂಗಡಿಯಲ್ಲಿ ಕೂತು ಕೇಳಿಸಿಕೊಂಡರು.

ಮುಂದಿನ ಭಾನುವಾರ ನೆಟ್ ಶುರುವಾಯಿತು. ಹುಬ್ಬಳ್ಳಿ ಆಯಿತು, ಹಾವೇರಿ ಆಯಿತು, ಇನ್ನೇನು ಕೊನೆಯ ಹೆಸರು ಬರಬೇಕು, ಪಕ್ಕನೆ ನನ್ನ ಕಣ್ಣು ಆರಿತು. ಕರೆಂಟು ಹೋಯಿತು. ಗದಗಿನಲ್ಲಿ ಮಾತ್ರವಲ್ಲ, ಎಲ್ಲೋ ದೊಡ್ಡ ಲೈನೇ ಕೆಟ್ಟು ಸುತ್ತಲಿನ ಎಲ್ಲ ಊರುಗಳದ್ದೂ ಹೋಗಿತ್ತು. ಗುರುಪಾದಪ್ಪ ಸ್ನಾನ ಮಾಡಿ ಬಂದರು, ರೊಟ್ಟಿ ತಿಂದರು. ನಾನು ಪೂರ್ತಿ ತಣ್ಣಗಾದೆ.

ಬಿಸಿಲೇರಿದ ಮೇಲೆ ಕರೆಂಟು ಬಂತು. ವಾಲ್ವುಗಳು ಮೆಲ್ಲಗೆ ಕೆಂಪಗಾದವು. ತಣ್ಣಗಿದ್ದ ನಾನು ಬೆಳಿಗ್ಗೆ ಶುರು ಮಾಡಿದ ಜಾಗದಲ್ಲೇ ಎದ್ದೆ. ಸ್ಪೀಕರಿನಲ್ಲಿ ಒಂದು ದನಿ ನೀಟಾಗಿ ಮಾತಾಡುತ್ತಿತ್ತು.

“ಬಾಗಲಕೋಟಿ, ಅದೀರೇನ್ರಿ? ... ಯಾರೂ ಇಲ್ಲ. ಹಾವೇರಿ, ಡಾಕ್ಟರ, ಅದೀರೇನ್ರಿ? ... ಇಲ್ಲ. ನೆಟ್ ಕಂಟ್ರೋಲ್ ಬಂದ್ ಆಗ್ಯದ, ಕುಷ್ಟಗಿಯಿಂದ ನಾ ಹಿಡ್ಕೊಂಡೀನಿ. ಯಾರರ ಬಂದ್ರ ಹೇಳ್ರಿ. ಗದಗ, ಹೊಂಬಳ ಅವರ, ಅದೀರೇನ್ರಿ?”

ನೆಟ್ ಕಂಟ್ರೋಲ್ ದನಿ ನಿಂತರೆ, ಇನ್ನೂ ಜೀವಂತವಿರುವವರು ಯಾರಾದರೂ ನೆಟ್ ಹಿಡಿದುಕೊಳ್ಳಬೇಕು. ಅದು ಹ್ಯಾಮ್‌ಗಳ ಪದ್ಧತಿ. ಎಲ್ಲರೂ ಕರೆಂಟಿಲ್ಲದೆ ಕೂತಾಗ ಟ್ರ್ಯಾಕ್ಟರ್ ಬ್ಯಾಟರಿಯ ನದಾಫರೊಬ್ಬರೇ ಉಳಿದಿದ್ದರು. ತಮ್ಮ ಹೆಸರು ತೆಗೆಯಲಿದ್ದವರ ಹೆಸರುಗಳನ್ನೆಲ್ಲ ಒಂದೊಂದಾಗಿ ಕರೆದು, ಪ್ರತಿಯೊಂದಕ್ಕೂ ಕಾದು, ಮತ್ತೆ ಮೊದಲಿನಿಂದ ಕರೆಯುತ್ತಿದ್ದರು.

ಗುರುಪಾದಪ್ಪ ಮೈಕು ಹಿಡಿದರು. “ಅದೀನಿ. ಲೇ ಇಮಾಮ, ಅದೀನಿ. ನೀ ಎಲ್ಲಿ ಹೋಗಿದ್ದಿ ಇಷ್ಟು ದಿನ?”

ಆ ಕಡೆಯಿಂದ ಮಾತು ಬಂತು. “ನಾ ಎಲ್ಲಿ ಹೋಗ್ಲಿ? ನಾ ಇಲ್ಲೇ ಅದೀನಿ. ನೀವೆಲ್ಲಾ ವಾರವಾರ ನನ್ನ ಒಬ್ಬಾತನ್ನ ಬಿಟ್ಟು ಕೆಳಗ ಸರೀತೀರಿ. ನನ್ನ ಹೆಸರು ಕರಿಯೂ ಹೊತ್ತಿಗೆ ಸರದಿರ್ತೀರಿ. ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ತು, ಗುರುಪಾದ.”

“ನಾ ಸರದಿಲ್ಲೋ ಮಾರಾಯ. ಗುಂಡಿಗೆ ಕೈಯರ ಹಚ್ಚೀನೇನು?”

“ಈಗೂ ಸರಿಯಾಕತ್ತೀದಿ.”

ನಿಜವೇ. ವಾಲ್ವು ಕಾಯುತ್ತಿತ್ತು. ನದಾಫರ ದನಿ ಸೊಟ್ಟಗಾಗಿ, ಬಾತುಕೋಳಿಯ ದನಿಯಾಗಿ, ಸಣ್ಣದಾಗತೊಡಗಿತು. ಗುರುಪಾದಪ್ಪ ಕೈ ಮೇಲೆತ್ತಿ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. ಡಯಲ್ ನೋಡಿದರು, ಮುಳ್ಳು ಅಲ್ಲೇ ಇತ್ತು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಚಟ್ಟನೆ ಹಿಂದಕ್ಕೆಳೆದುಕೊಂಡರು. ಗುಂಡಿಯನ್ನು ಕೂದಲಷ್ಟು ತಿರುಗಿಸಿದರು. ಕಳೆದುಹೋಗುತ್ತಿದ್ದ ದನಿ ಮತ್ತೆ ಮನುಷ್ಯರ ದನಿಯಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಜಾರಿತು, ಮತ್ತೆ ತಿರುಗಿಸಿದರು.

“ಇಮಾಮ,” ಎಂದರು, “ಪೆಟಗಿ ಜಾರತದೋ. ನಾ ಅಲ್ಲ. ನನ್ನ ಸುಡಗಾಡ ಪೆಟಗಿ.”

ಸುಡುಗಾಡಂತೆ! ತೂತು ಬೇಡ ಎಂದವರು ಯಾರು, ಕೇಳಿ ಸುಮ್ಮನಾದವರು ಯಾರು? ಹಿಂದೆ ಹಿಂದೆ ಬಂದು ಬಾಯಿ ಮುಚ್ಚಿಕೊಂಡವರು ಯಾರು? ಎಲ್ಲರ ಮರ್ಯಾದೆ ಸೇರಿ ಒಬ್ಬನನ್ನು ಹೊರಗೆ ಹಾಕಿತ್ತು, ಬೈಗುಳ ಮಾತ್ರ ನನಗೆ. ಇರಲಿ. ಅವತ್ತು ಅವರಿಬ್ಬರೂ ನಕ್ಕ ನಗು ಕೇಳಿ ನಾನು ಅದನ್ನು ನುಂಗಿಕೊಂಡೆ. ಮಧ್ಯಾಹ್ನವೇ ಬಡಿಗೇರರು ಬಂದು ನನ್ನ ತಲೆಗೆ ತೂತು ಕೊರೆದರು. ನೀಲಗಂಗವ್ವ ಸೊಳ್ಳೆಪರದೆಯ ಒಂದು ತುಂಡು ತಂದು ಅದರ ಮೇಲೆ ಹಚ್ಚಿಸಿದರು. ಹಲ್ಲಿಯ ವಿಷಯ ಅವರು ಬಿಟ್ಟುಕೊಡಲಿಲ್ಲ.

ತೂತಿನಿಂದ ಜಾರುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಹಾಗಾಗಿ ನೆಟ್ಟಿನ ಕಟ್ಟಳೆಯನ್ನೇ ತಿರುವಿಹಾಕಿದರು. ಕರೆಯುವುದು ದೂರದವರಿಂದ ಶುರು. ಅದಕ್ಕೂ ಮೊದಲು ನದಾಫರ ಒಂದು ಮಾತು: “ಕುಷ್ಟಗಿ ಇಲ್ಲೇ ಅದ. ಎಲ್ಲಾರೂ ಬರ್ರಿ.” ಆ ದನಿ ನೆಟ್ಟಗೆ ಕೇಳುವ ತನಕ ಎಲ್ಲರೂ ತಮ್ಮ ಗುಂಡಿ ತಿರುಗಿಸಿಕೊಳ್ಳುವರು. ಇನಾಮದಾರ ಡಾಕ್ಟರು ಎಲ್ಲರಿಗಿಂತ ಮೊದಲು ಬರುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು.

ನದಾಫರು ತೀರಿಕೊಂಡದ್ದು ಒಂದು ಬೇಸಿಗೆಯಲ್ಲಿ. ಅವರ ಮಗಳು ಜೈತುನಬಿ ಬಸ್ಸಿನಲ್ಲಿ ಗದಗಿಗೆ ಬಂದು, ಗಾದಿಯ ಹತ್ತಿಯಲ್ಲಿ ಸುತ್ತಿದ ಒಂದು ಸಣ್ಣ ವಸ್ತುವನ್ನು ಮೇಜಿನ ಮೇಲಿಟ್ಟಳು.

“ಅಪ್ಪಾ ಹೇಳಿದ್ದ್ರಿ ಕಾಕಾ. ‘ಗುರುಪಾದನ ಪೆಟಗಿ ಇನ್ನೂ ಜಾರತದ, ಇದನ್ನ ಅದರಾಗ ಹಾಕು ಅನ್ನು’ ಅಂದಿದ್ದ.”

ಹರಳು. ವಯಸ್ಸಾದ ಗುರುಪಾದಪ್ಪನವರಿಗೆ ಅದನ್ನು ನನ್ನೊಳಗೆ ಬೆಸುಗೆ ಹಾಕಲು ಬಹಳ ಹೊತ್ತು ಹಿಡಿಯಿತು. ಸೀಸದ ಹನಿ ಎರಡು ಸಲ ಬೇರೆ ಕಡೆ ಬಿತ್ತು. ಭಾನುವಾರ ಬಂತು. ನದಾಫರ ಮೊದಲ ಮಾತಿನ ಹೊತ್ತಿಗೆ ಎಲ್ಲ ಊರುಗಳೂ ಕಾದವು. ಗುರುಪಾದಪ್ಪ ಮೈಕು ಒತ್ತಿದರು. “ಕುಷ್ಟಗಿ ಇಲ್ಲೇ ಅದ,” ಎಂದರು. “ಎಲ್ಲಾರೂ ಬರ್ರಿ” ಎನ್ನಲು ಅವರಿಗೆ ಆಗಲಿಲ್ಲ. ಆದರೂ ಎಲ್ಲರೂ ಬಂದರು.

ಈಗ ನಾನು ಹುಬ್ಬಳ್ಳಿಯ ಒಂದು ಕಾಲೇಜಿನ ಹ್ಯಾಮ್ ಕ್ಲಬ್ಬಿನಲ್ಲಿ, ಕಪಾಟಿನ ಮೇಲಿನ ಅರೆಯಲ್ಲಿದ್ದೇನೆ. ಗುರುಪಾದಪ್ಪನವರೂ ಹೋದ ಮೇಲೆ ನೀಲಗಂಗವ್ವ ಸೊಳ್ಳೆಪರದೆಯನ್ನು ಒರೆಸಿ ನನ್ನನ್ನು ಇಲ್ಲಿಗೆ ಕಳಿಸಿದರು. ಕೆಳಗಿನ ಮೇಜಿನ ಮೇಲೆ ಜಪಾನಿನ ಹೊಸ ರೇಡಿಯೊ ಇದೆ. ಅಂಕಿ ಹೊಳೆಯುತ್ತವೆ, ಬಿಸಿಯಾಗುವುದಿಲ್ಲ, ಜಾರುವುದಿಲ್ಲ. ಈಗಿನ ನೆಟ್ ಕಂಟ್ರೋಲ್ ವಿಜಯಲಕ್ಷ್ಮಿ ಅಂಗಡಿ ಎಂಬ ಲೆಕ್ಚರರ್. ಮೊನ್ನೆ ನೆಟ್ಟಿಗೆ ಹೊಸದಾಗಿ ಸೇರಿದ ಒಬ್ಬರು ಅವರನ್ನು ಕೇಳಿದರು: “ಮೇಡಂ, ನೆಟ್ಟಿನ ಜಾಗ ಐವತ್ತು ಅಂದ್ರ ಐವತ್ತು ಇಡಬೇಕು. ಇದೇನ್ರಿ ಐವತ್ತಮೂರು? ಮತ್ತ ದೂರದವ್ರನ್ನ ಯಾಕ ಮೊದ್ಲು ಕರೀತೀರಿ?”

“ಗೊತ್ತಿಲ್ರಿ,” ಎಂದರು ಅವರು. “ನಾ ಬಂದಾಗಿಂದ ಹಿಂಗ ಅದ. ಬಿಡಾಕ ಮನಸ್ಸು ಬರಲಿಲ್ಲ.”

ಉತ್ತರ ನನ್ನ ಹೊಟ್ಟೆಯಲ್ಲಿದೆ, ಆದರೆ ನನಗೆ ವೈರು ಚುಚ್ಚುವವರಿಲ್ಲ. ಎಂದಾದರೂ ಯಾರಾದರೂ ಚುಚ್ಚಲಿ. ಎಷ್ಟು ಹೊತ್ತು ಬೇಕಾದರೂ ಕಾಯಿಸಿ ನೋಡಲಿ. ನದಾಫರು ನನ್ನೊಳಗೆ ಕೂತಿದ್ದಾರೆ, ಈಗ ನಾನು ಎಲ್ಲಿಗೂ ಸರಿಯುವುದಿಲ್ಲ.