ದರ್ಜಿಗೂ ಒಂದು ರಜೆ

ಆ ಬೀದಿಯ ದರ್ಜಿ ಒಂದು ದಿನ ಪ್ಯಾಂಟಿನ ಒಂದು ಕಾಲಿನ ತುದಿಯನ್ನೇ ಮುಚ್ಚಿ ಹೊಲಿದುಬಿಟ್ಟ. ಹಾಕಿಕೊಳ್ಳಲು ಹೋದ ಗಿರಾಕಿಯ ಕಾಲು ಒಳಗೇ ಸಿಕ್ಕಿಕೊಂಡು, ಆತ ಅಂಗಡಿ ತುಂಬ ಕುಂಟಾಟ ಆಡಬೇಕಾಯಿತು. ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕರು. ದರ್ಜಿಗೆ ಮಾತ್ರ ನಗು ಬರಲಿಲ್ಲ.

ಮುಂದೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ಅಪ್ಪ. ವರ್ಷಗಟ್ಟಲೆ ಬಸ್ಸು ಓಡಿಸಿದ ಮನುಷ್ಯನಿಗೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸೋತಿದ್ದವು. ಸ್ನಾನ, ಊಟ, ಮಾತ್ರೆ, ಮಗ್ಗಲು ಬದಲಿಸುವುದು, ಎಲ್ಲವೂ ದರ್ಜಿಯೊಬ್ಬನ ತಲೆಯ ಮೇಲೆ. ಬೀದಿಯ ತುದಿಯಲ್ಲೇ ಬೇಕರಿ ನಡೆಸುತ್ತಿದ್ದ ತಂಗಿ, "ಏನಾದ್ರೂ ಬೇಕಿದ್ರೆ ಹೇಳಣ್ಣ" ಎನ್ನುತ್ತಿದ್ದಳು. "ಏನೂ ಬೇಡಮ್ಮ" ಎನ್ನುತ್ತಿದ್ದ ಇವನು. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಅದೇ ಸಂಜೆ ಅಪ್ಪನ ಕೈತಪ್ಪಿ ನೀರಿನ ಲೋಟ ಉರುಳಿತು.

"ಒಂದು ಲೋಟ ಹಿಡಿಯೋಕೂ ಬರಲ್ವಾ ನಿಂಗೆ?" ದರ್ಜಿ ಕಿರುಚಿದ. ಕಿರುಚಿದವನೇ ಬಾಗಿಲ ಹಿಂದೆ ನಿಂತು ಬಿಕ್ಕಿದ.

ಮರುದಿನ ಆರೋಗ್ಯ ಕೇಂದ್ರದ ನರ್ಸಕ್ಕ ಬಂದರು. ಅಪ್ಪನ ಬಿಪಿ ನೋಡಿದ ಮೇಲೆ ಅದೇ ಪಟ್ಟಿಯನ್ನು ದರ್ಜಿಯ ತೋಳಿಗೂ ಸುತ್ತಿದರು.

"ಕಾಯಿಲೆ ನಂಗಲ್ಲಕ್ಕ!"

"ಸುಮ್ನೆ ಕೈ ಕೊಡಿ... ನೋಡಿ, ನಿಮ್ದೇ ಜಾಸ್ತಿ ಇದೆ. ನಿದ್ದೆ ಹೇಗೆ?"

"ಬಂದ್ರೆ ತಾನೇ?"

"ಸಣ್ಣಪುಟ್ಟದಕ್ಕೂ ಸಿಟ್ಟು ಬರುತ್ತಾ?"

"ನಿನ್ನೆ ಒಂದು ಲೋಟಕ್ಕೇ ಕಿರುಚಿಬಿಟ್ಟೆ ಅಕ್ಕ."

"ದಣಿದಿದ್ದೀರಣ್ಣ. ಒಬ್ರೇ ಎಲ್ಲ ಹೊತ್ಕೊಂಡ್ರೆ ಯಾರಿಗಾದ್ರೂ ಹೀಗಾಗುತ್ತೆ. ಡಾಕ್ಟ್ರಿಗೆ ಒಮ್ಮೆ ತೋರಿಸಿ. ವಾರಕ್ಕೆರಡು ಮಧ್ಯಾಹ್ನ ಅಪ್ಪನ್ನ ಬೇರೆಯವರಿಗೆ ಬಿಟ್ಟು ಆಚೆ ಹೋಗ್ಬನ್ನಿ."

"ಅದೆಲ್ಲ ಆಗೋ ಮಾತಲ್ಲಕ್ಕ. ಅಪ್ಪನಿಗೆ ನನ್ನ ಕೈಯೇ ಆಗ್ಬೇಕು. ಬಿಟ್ಟು ಹೋದ್ರೆ ಎಷ್ಟು ನೊಂದ್ಕೋತಾರೋ!"

ಮಂಚದ ಮೇಲಿನಿಂದ ಅಪ್ಪನ ದನಿ ಕೇಳಿತು: "ಯಾರೋ ನಿಂಗೆ ಹಾಗಂದಿದ್ದು? ಬೆಳಗಿಂದ ಸಂಜೆವರೆಗೂ ನಿನ್ನ ಗಂಟುಮುಖ ನೋಡಿ ನೋಡಿ ನಂಗೂ ಸಾಕಾಗಿದೆ. ಸ್ವಲ್ಪ ಆಚೆ ಹೋಗಪ್ಪಾ!"

ದರ್ಜಿ ಕಣ್ಣುಕಣ್ಣು ಬಿಟ್ಟ. ನರ್ಸಕ್ಕ ಕಿಸಕ್ಕನೆ ನಕ್ಕರು. ಅಪ್ಪನೂ ನಕ್ಕ. ಕೊನೆಗೆ ದರ್ಜಿಗೂ ನಗು ತಡೆಯಲಾಗಲಿಲ್ಲ.

ತಂಗಿಗೆ ಕರೆ ಹೋಯಿತು. ಕೈಯ ಹಿಟ್ಟು ಒರೆಸಿಕೊಳ್ಳುತ್ತಲೇ ಓಡಿಬಂದಳು. "ಏನೂ ಬೇಡ" ಎಂಬ ಮಾತು ದರ್ಜಿಯ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, "ಬುಧವಾರ, ಭಾನುವಾರ ಮಧ್ಯಾಹ್ನ ಅಪ್ಪನ ಜೊತೆ ಇರ್ತೀಯಾ?" ಎಂದ.

"ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ? ನೀನು ಬೇಡ ಬೇಡ ಅಂದ್ರೆ ನಾನು ಹೇಗೆ ನುಗ್ಗಲಿ?" ಎಂದು ಅವಳು ಗದರಿದಳು.

ನರ್ಸಕ್ಕ ಅವಳಿಗೆ ಅಲ್ಲೇ ಹೇಳಿಕೊಟ್ಟರು: "ಎಬ್ಬಿಸುವಾಗ ಸೋತ ಕೈ ಹಿಡಿದು ಎಳೀಬೇಡಿ. ನೆಟ್ಟಗೆ ಕೂರಿಸಿದ ಮೇಲೇ ಊಟ. ತುತ್ತು ಚಿಕ್ಕದಿರ್ಲಿ."

ಬುಧವಾರ ಬಂತು. ದರ್ಜಿ ಹಳೆಯ ಗೆಳೆಯರ ಜೊತೆ ವಾಲಿಬಾಲ್ ಆಡಲು ಹೊರಟ. ಮೂಲೆ ತಿರುಗುವಾಗ ಕಾಲು ಹಿಂದೆ ಎಳೆಯಿತು. ಆದರೂ ಹೋದ. ಕುಣಿದ, ಬಿದ್ದ, ಬೆವರಿದ. ಆಟ ಮುಗಿದದ್ದೇ ತಡ, ಮನೆಗೆ ಓಡಿದ.

ಮನೆಯೊಳಗಿಂದ ಗಲಾಟೆ ಕೇಳಿಸಿತು.

"ಅಣ್ಣಾ, ಅಪ್ಪ ಇಸ್ಪೀಟಲ್ಲಿ ಮೋಸ ಮಾಡ್ತಿದಾರೆ! ರಾಜನ್ನ ದಿಂಬಿನ ಕೆಳಗೆ ಬಚ್ಚಿಟ್ಟಿದಾರೆ!"

ಅಪ್ಪ ಮಗನನ್ನು ನೋಡಿ ಮುಖ ಸಿಂಡರಿಸಿದ. "ಇಷ್ಟು ಬೇಗ ಬಂದ್ಯಾ? ಇನ್ನೊಂದಾಟ ಗೆಲ್ತಿದ್ದೆನಲ್ಲೋ!"

ದರ್ಜಿಗೆ ಒಂದಿಷ್ಟು ಹೊಟ್ಟೆಕಿಚ್ಚಾಯಿತು. ಮರುಗಳಿಗೆಯೇ ಮೈ ಹಗುರಾಯಿತು. ಮಂಚದ ಅಂಚಿನಲ್ಲಿ ಕುಳಿತು ಕೈ ಚಾಚಿದ. "ಈ ಆಟಕ್ಕೆ ನಂಗೂ ಎಲೆ ಹಾಕು."

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಹಿರಿಯರ ಆರೈಕೆಯನ್ನು ಒಬ್ಬರೇ ಹೊತ್ತಿದ್ದಾರೆಯೇ? "ಏನಾದರೂ ಬೇಕಾ" ಎಂದು ಕೇಳಿ ಸುಮ್ಮನಾಗಬೇಡಿ. "ಭಾನುವಾರ ನಾನು ಬರುತ್ತೇನೆ" ಎನ್ನಿ, ಹೋಗಿ. ಆರೈಕೆ ಮಾಡುವವರು ನೀವೇ ಆಗಿದ್ದು ನಿದ್ದೆ ಕೆಟ್ಟರೆ, ಸಿಟ್ಟು, ಅಳು ಹೆಚ್ಚಿದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಹೇಳಿಕೊಳ್ಳಿ. ಮನೆಯವರನ್ನು ಬಾಯಿಬಿಟ್ಟು ಕೇಳಿ. ನೀವು ನಗುವುದನ್ನು ನೋಡಲು ನಿಮ್ಮ ಹಿರಿಯರೂ ಕಾಯುತ್ತಿರುತ್ತಾರೆ.