ಕೆಂಪಿಗೆ ಕೆಂಪು

ಫ್ಯಾನಿನ ಸ್ವಿಚ್ಚಿಗೆ ತನ್ನ ಬೀಗ ಜಡಿದು ಅವಳು ಕೀಲಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡಾಗ ರಟ್ಟಿನ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಆಗಷ್ಟೇ ಶುರುವಾಗಿತ್ತು. ಹಸಿ ರಟ್ಟು ಒಣಗಿಸುವ ಆ ದೊಡ್ಡ ಫ್ಯಾನು ತಿರುಗದಿದ್ದರೆ ಇಡೀ ಸಾಲು ಕೈಕಟ್ಟಿ ಕೂರಬೇಕು. ಯಾರು ಬೀಗ ಹಾಕಿದರೋ ಅವರೇ ತೆಗೆಯಬೇಕು ಎನ್ನುವುದು ಅಲ್ಲಿನ ಕಟ್ಟುನಿಟ್ಟಿನ ನಿಯಮ.

ಯಂತ್ರಗಳ ಎಣ್ಣೆ, ಗ್ರೀಸುಗಳ ಉಸ್ತುವಾರಿ ಅವಳದು. ರಸಾಯನಶಾಸ್ತ್ರ ಓದಿ ಬಂದವಳಿಗೆ ಫಿಟ್ಟರುಗಳು ‘ಎಣ್ಣೆಯಕ್ಕ’ ಎಂದು ಹೆಸರಿಟ್ಟಿದ್ದರು. ಅವಳೇನೂ ಬೇಸರಪಟ್ಟುಕೊಳ್ಳಲಿಲ್ಲ. ಮುಜುಗರವಾದದ್ದು ಅತ್ತೆಗೆ. ‘ಸೊಸೆಗೆ ಎಣ್ಣೆ ಕೆಲಸ’ ಎಂದರೆ ಪಕ್ಕದ ಮನೆಯವರು ಹೆಂಡದ ಬಾಟಲಿಯನ್ನೇ ನೆನೆದು ಕಿಸಕ್ಕನೆ ನಗುತ್ತಿದ್ದರು.

ಹಿಂದಿನ ದಿನ ಅವಳು ರಜೆಯಲ್ಲಿದ್ದಳು. ಅಂದೇ ಫ್ಯಾನಿನ ಎರಡೂ ತುದಿಯ ಬೇರಿಂಗುಗಳಿಗೆ, ಹಳೆಯದನ್ನು ತೆಗೆಯದೆ, ಮೇಲಿಂದ ಗ್ರೀಸ್ ತುಂಬಿ ರಾತ್ರಿಯಿಡೀ ಓಡಿಸಿದ್ದರು. ಬೆಳಗ್ಗೆ ಬೆಲ್ಟ್ ಬಿಗಿ ಮಾಡಲೆಂದು ನಿಲ್ಲಿಸಿದಾಗ, ಬೇರಿಂಗ್ ಪೆಟ್ಟಿಗೆಯ ಅಂಚಿನಲ್ಲಿ ತೆಳ್ಳಗೆ ಹೊಳೆಯುತ್ತಿದ್ದ ಎಣ್ಣೆಪಸೆ ಅವಳ ಕಣ್ಣಿಗೆ ಬಿತ್ತು.

“ಯಾವ ಗ್ರೀಸ್ ಹಾಕಿದ್ರಿ?”

“ಕೆಂಪೇ ಅಕ್ಕ,” ಎಂದ ಫಿಟ್ಟರ್. “ಹೊಸ ಡಬ್ಬದ್ದು. ಹೊಸದು ಸ್ವಲ್ಪ ಜಿನುಗುತ್ತೆ ಬಿಡಿ.”

ಅಲ್ಲಿ ಗ್ರೀಸನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೋಟರಿಗೆ ನೀಲಿ, ಸರಪಳಿಗೆ ಕಪ್ಪು, ಫ್ಯಾನಿಗೆ ಕೆಂಪು. ಖರೀದಿ ವಿಭಾಗದ ಮುಖ್ಯಸ್ಥರೂ ಅಂಗಡಿಯವನಿಗೆ ‘ಶಾಖ ತಡೆಯೋ ಕೆಂಪು ಕೊಡಪ್ಪಾ’ ಎಂದೇ ಕೇಳಿ ತಂದಿದ್ದರು. ಆ ಮುಖ್ಯಸ್ಥರು ಅವಳ ಗಂಡನ ಅಣ್ಣ. ಒಂದೇ ಮನೆ, ಒಂದೇ ಊಟದ ಮೇಜು.

ಮ್ಯಾನೇಜರ್ ಜೊತೆ ಅವರೂ ಧಾವಿಸಿ ಬಂದರು.

“ಏನಮ್ಮಾ ಇದು? ನಾನು ತಂದ ಗ್ರೀಸ್ ಕಳಪೆ ಅಂತೀಯಾ?”

“ಇಲ್ಲ ಭಾವ. ಹಳೇದೂ ಒಳ್ಳೇದೇ, ಹೊಸದೂ ಒಳ್ಳೇದೇ. ಜೋಡಿ ಸರಿಯಿಲ್ಲ.”

“ಗ್ರೀಸಿಗೂ ಸಂಬಂಧ ಕುದುರಿಸ್ಬೇಕಾ ಇನ್ನು?” ಭಾವ ಸುತ್ತಲಿದ್ದವರನ್ನು ನೋಡಿ ನಕ್ಕರು. ಫಿಟ್ಟರನೂ ನಕ್ಕ.

ಅವಳು ನಗಲಿಲ್ಲ. ಗ್ರೀಸ್ ಎಂದರೆ ಎಣ್ಣೆಯೇ, ಅದು ಹರಿದುಹೋಗದಂತೆ ಸ್ಪಂಜಿನ ಹಾಗೆ ಹಿಡಿದಿಡುವ ಪದಾರ್ಥವೊಂದು ಒಳಗಿರುತ್ತದೆ ಎಂದಳು. ಹಳೆಯದರಲ್ಲಿ ಅದು ಲಿಥಿಯಂ ಸಾಬೂನು, ಹೊಸದರಲ್ಲಿ ಜೇಡಿಮಣ್ಣು. ಎರಡು ಬೆರೆತರೆ ಹಿಡಿತ ಸಡಿಲವಾಗಿ ಎಣ್ಣೆ ಸೋರಿಹೋಗುತ್ತದೆ. ಕೆಂಪು ಬರೀ ಬಣ್ಣ.

ಅವರು ಬರುವ ಮೊದಲೇ ಎರಡನ್ನೂ ಡಬ್ಬದ ಮುಚ್ಚಳದಲ್ಲಿ ಕಲಸಿ ಬಿಸಿ ಕೊಳವೆಯ ಮೇಲೆ ಇಟ್ಟಿದ್ದಳು. ಈಗ ಅದನ್ನು ಓರೆ ಮಾಡಿದಳು. ಕೆಂಪು ಗಂಜಿ ಸರಸರನೆ ಅಂಚಿಗೆ ಹರಿಯಿತು.

“ಮುಚ್ಚಳ ಬೇರಿಂಗಲ್ಲ,” ಎಂದರು ಭಾವ.

“ಅಲ್ಲ. ಬೇರಿಂಗ್ ಇದಕ್ಕಿಂತ ಬಿಸಿಯಾಗುತ್ತೆ.”

ಮ್ಯಾನೇಜರ್ ಗಡಿಯಾರ ನೋಡಿದರು. “ಮೇಡಂ, ಸದ್ಯ ಓಡಿಸೋಣ. ಭಾನುವಾರ ಬಿಚ್ಚಿ ನೋಡಿ.”

“ಭಾನುವಾರದ ತನಕ ಅದು ಇರಲ್ಲ ಸರ್.”

“ಬಿಚ್ಚಿದಾಗ ಒಳಗೆಲ್ಲಾ ಸರಿಯಿದ್ರೆ? ಒಂದು ಪಾಳಿ ಮಣ್ಣುಪಾಲು. ಆಮೇಲೆ ನೀವು ಲ್ಯಾಬಲ್ಲಿ ಸೀಸೆ ತೊಳ್ಕೊಂಡಿರ್ಬೇಕಾಗುತ್ತೆ. ಯಂತ್ರದ ಹತ್ತಿರ ಬಿಡಲ್ಲ.”

ಅವಳ ಕೈ ಜೇಬಿನ ಕೀಲಿಯ ಮೇಲೆ ಹೋಯಿತು. ಈ ಬೀಗದ ಅಧಿಕಾರ ಪುಕ್ಕಟೆ ಸಿಕ್ಕಿದ್ದಲ್ಲ. ಪೆಟ್ಟಿಗೆಯ ಒಳಗನ್ನು ಅವಳೂ ಕಂಡಿರಲಿಲ್ಲ. ಗ್ರೀಸ್ ಎಷ್ಟು ಬೆರೆತಿದೆಯೋ, ಎಷ್ಟು ಉಳಿದಿದೆಯೋ, ಖಚಿತವಾಗಿ ಹೇಳಲಾರಳು. ಅನುಮಾನವಿದ್ದಾಗ ನಿಲ್ಲಿಸುವುದಕ್ಕೇ ತಾನೆ ಬೀಗ ಎಂದುಕೊಂಡಳು.

“ಆಗಲಿ. ತೊಳೀತೀನಿ,” ಎಂದಳು. “ಕೀಲಿ ಮಾತ್ರ ಕೊಡಲ್ಲ.”

ಭಾವ ಹತ್ತಿರ ಬಂದು ದನಿ ತಗ್ಗಿಸಿದರು. “ನನ್ನ ಮರ್ಯಾದೆ ಪ್ರಶ್ನೆ ಕಣಮ್ಮಾ. ಮನೆಗೆ ನಡಿ, ಕೂತು ಮಾತಾಡೋಣ.”

“ಮನೇಲಿ ನಿಮ್ಮ ಮಾತು ಯಾವತ್ತು ಮೀರಿದೀನಿ ಭಾವ? ಇದು ಮನೆ ಅಲ್ಲ.”

ಯಾರೂ ಕದಲಲಿಲ್ಲ. ಅವಳೇ ಸ್ಪ್ಯಾನರ್ ತೆಗೆದುಕೊಂಡು ಪೆಟ್ಟಿಗೆಯ ಮೊದಲ ಬೋಲ್ಟಿಗೆ ಹಾಕಿ ಮೈಭಾರ ಬಿಟ್ಟಳು. ಅದು ಜಗ್ಗಲಿಲ್ಲ. ಮತ್ತೆ ಒತ್ತಿದಳು, ಮುಂಗೈ ತರಚಿತು. ಫಿಟ್ಟರ್ ಮ್ಯಾನೇಜರ್ ಮುಖ ನೋಡಿದ. ಅವರು ಬಾಯಿ ಬಿಡುವ ಮೊದಲೇ, “ಪಕ್ಕಕ್ಕೆ ಸರೀರಿ ಅಕ್ಕ, ಅದಕ್ಕೆ ಉದ್ದ ಹಿಡಿ ಬೇಕು,” ಎನ್ನುತ್ತಾ ಮೊಣಕಾಲೂರಿದ.

ಮುಚ್ಚಳ ಎದ್ದಿತು. ಮುದ್ದೆಯಾಗಿ ಕೂತಿರಬೇಕಿದ್ದ ಗ್ರೀಸು ತಳದಲ್ಲಿ ಸಾರಿನಂತೆ ನಿಂತಿತ್ತು. ಬೇರಿಂಗಿನ ಮೇಲಿನ ಉರುಳೆಗಳು ಬೋಳಾಗಿ ಹೊಳೆಯುತ್ತಿದ್ದವು. ಅವು ಇನ್ನೂ ಸವೆದಿರಲಿಲ್ಲ.

ಭಾವ ಬೆರಳದ್ದಿ, ಉಜ್ಜಿ ನೋಡಿ, ಕೈ ಒರೆಸಿಕೊಂಡರು.

ಫಿಟ್ಟರ್ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹಳೆಯ ಡಬ್ಬದ ಗ್ರೀಸನ್ನೇ ತುಂಬಿದ. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. “ನಿಮ್ಮ ಮಾತು ನಿಜ ಆಯ್ತಲ್ಲ ಮೇಡಂ. ಇನ್ನು ಬೀಗ ತೆಗೀರಿ, ಶುರು ಮಾಡೋಣ.”

ಅವಳು ಸ್ಪ್ಯಾನರ್ ಎತ್ತಿಕೊಂಡು ಫ್ಯಾನಿನ ಆ ತುದಿಗೆ ನಡೆದಳು.

“ಇಲ್ಲೊಂದು ಬೇರಿಂಗಿದೆ ಸರ್,” ಎಂದಳು. “ಇದನ್ನೂ ಬಿಚ್ಚಿದ ಮೇಲೆ.”