ಮೊದಲೇ ಬರೆದಿಟ್ಟ ಹೊತ್ತು

"ಹೊಟ್ಟೇಲಿರೋ ಗಡ್ಡೆಗೆ ಆಪರೇಷನ್ ಮಾಡಲ್ವಂತೆ ಕಣೋ," ಅಂದಳು ಅಕ್ಕ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು. "ರಕ್ತದಲ್ಲಿ ಅದ್ಯಾವುದೋ ಪ್ರೋಟೀನು ವಿಪರೀತ ಏರಿದೆಯಂತೆ. ಅಷ್ಟಿದ್ದವರು ಆರು ತಿಂಗಳು ಉಳಿಯೋದೂ ಕಷ್ಟ, ಸುಮ್ಮನೆ ಹೊಟ್ಟೆ ಕೊಯ್ದು ಯಾಕೆ ನೋಯಿಸೋದು ಅಂದ್ರು ಡಾಕ್ಟರು. ಹೊಸ ಚಪ್ಪಲಿ ತಗೊಂಡಿದ್ದು ದಂಡ ಆಯ್ತು ನೋಡು."

ನಕ್ಕಳು. ನನಗೆ ನಗು ಬರಲಿಲ್ಲ. ಆ ಪ್ರೋಟೀನು ಅಳೆಯುವ ಲ್ಯಾಬಿನಲ್ಲೇ ನನ್ನ ಕೆಲಸ.

"ರಕ್ತ ಯಾವತ್ತು ಕೊಟ್ಟೆ?"

"ಮಂಗಳವಾರ ಬೆಳಿಗ್ಗೆ. ಯಾಕೆ?"



ರಕ್ತ ತೆಗೆದ ಒಂದು ಗಂಟೆಯೊಳಗೆ ಟ್ಯೂಬನ್ನು ಮಷೀನಿನಲ್ಲಿ ಗಿರ್ರನೆ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಬೇರ್ಪಡಿಸಬೇಕು. ತಡವಾದರೆ ರಕ್ತದ ಕಣಗಳು ಒಡೆದು ಅದೇ ಪ್ರೋಟೀನನ್ನು ಹೊರಬಿಡುತ್ತವೆ. ರೋಗ ಅಷ್ಟಿಲ್ಲದಿದ್ದರೂ ಅಂಕಿ ಏರುತ್ತದೆ. ಅದಕ್ಕೇ ತಿರುಗಿಸಿದ ಹೊತ್ತನ್ನು ಹಾಳೆಯಲ್ಲಿ ಬರೆಯುವ ನಿಯಮ. ನಮ್ಮಲ್ಲಿ ಮಾತ್ರ ಟ್ಯೂಬು ಬಂದ ಕೂಡಲೇ, ಮಷೀನಿಗೆ ಹಾಕುವ ಮೊದಲೇ, ಬಂದ ಹೊತ್ತಿಗೆ ಅರ್ಧ ಗಂಟೆ ಸೇರಿಸಿ ಎಲ್ಲದಕ್ಕೂ ಬರೆದುಬಿಡುತ್ತೇವೆ. ಆಮೇಲೆ ಪುರುಸೊತ್ತಿರುವುದಿಲ್ಲ ಅಂತ. ಮಂಗಳವಾರ ಮಷೀನಿನ ಮುಚ್ಚಳ ಕಚ್ಚಿಕೊಂಡಿತ್ತು. ಅದನ್ನು ಸರಿಮಾಡಿ ತಿರುಗಿಸುವಾಗ ಮಧ್ಯಾಹ್ನ ಎರಡು. ಹಾಳೆಯಲ್ಲಿ ಒಂಬತ್ತೂವರೆ ಹಾಗೇ ಉಳಿಯಿತು. ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು; ಅಕ್ಕನದೂ ಅದರಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ದೇವರಿಗೆ ಮುಗಿದ ಕೈಯೇ ಆ ಸುಳ್ಳು ಹೊತ್ತನ್ನು ಬರೆದಿತ್ತು. ಚಿಕ್ಕಂದಿನಲ್ಲಿ ಪದ್ಯ ಓದುವಾಗ ನಾನು ಒಂದು ಸಾಲು ನುಂಗಿದರೂ ಅಕ್ಕ ತೊಡೆ ಚಿವುಟುತ್ತಿದ್ದಳು.

ಲ್ಯಾಬಿನ ಮೇಡಂ ಹತ್ತಿರ ಓಡಿದೆ. ಎಲ್ಲ ಹೇಳಿದೆ.

"ಶ್, ಮೆಲ್ಲಗೆ," ಅಂದರು. "ನಿಮ್ಮಕ್ಕನ ರಕ್ತ ಮತ್ತೆ ತೆಗೆಸಿ ಮಾಡ್ಕೊಡು. ಯಾರಿಗೂ ಹೇಳಕ್ಕೆ ಹೋಗ್ಬೇಡ."

"ಅವತ್ತು ರಕ್ತ ಕೊಟ್ಟ ಉಳಿದ ಇಪ್ಪತ್ತೆರಡು ಜನ?"

"ಅವರೇನು ನಿನ್ನ ನೆಂಟರಾ?"

"ಅವರಿಗೂ ತಮ್ಮಂದಿರಿದ್ದಾರೆ ಮೇಡಂ!" ಎಂದು ಕಿರುಚಿದೆ. ಹಾಳೆ ಕಿತ್ತುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಬಡಿದೆ.

"ಈ ಅಕ್ಷರ ನನ್ನದು, ಸುಳ್ಳೂ ನನ್ನದೇ. ಆದರೆ ನೀವು? ಒಂದೇ ಟ್ಯೂಬು ನೋಡಿ ಆಯಸ್ಸು ಹೇಳಿಬಿಟ್ಟಿರಲ್ಲ, ಇನ್ನೊಂದು ಸಲ ನೋಡೋಣ ಅನಿಸಲಿಲ್ವಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಎಲ್ಲರನ್ನೂ ಕರೆಸಿ," ಅಂದರು, ಅಷ್ಟೇ.

ಮರುದಿನ ಅಕ್ಕನ ಟ್ಯೂಬನ್ನು ನಾನೇ ತಿರುಗಿಸಿದೆ. ಮಷೀನು ಪೂರ್ತಿ ನಿಂತ ಮೇಲೆ ಹೊತ್ತು ಬರೆದೆ. ಅಂಕಿ ಮೊದಲಿನದರ ಅರ್ಧಕ್ಕಿಂತ ಕೆಳಗಿತ್ತು. ಮುಂದಿನ ವಾರ ಗುರುವಾರಕ್ಕೆ ಆಪರೇಷನ್ ಎಂದರು.

ನಡೆದದ್ದನ್ನೆಲ್ಲ ಹೇಳಿದಾಗ ಅಕ್ಕ ನಗಲಿಲ್ಲ. ಚರ್ಮ ಕಿತ್ತುಬರುವ ಹಾಗೆ ತೊಡೆ ಚಿವುಟಿದಳು. "ಎರಡು ದಿನ ಹೆಣವಾಗಿದ್ದೆ ಕಣೋ ನಾನು." ಕೈ ಬಿಡಲಿಲ್ಲ. "ಉಳಿದವರೆಲ್ಲ ಬಂದ್ರಾ?"

"ಒಬ್ಬರು ಬಂದಿಲ್ಲ. ಫೋನೂ ಎತ್ತುತ್ತಿಲ್ಲ."

"ಮತ್ತೆ ನನ್ನ ಮುಖ ನೋಡ್ತಾ ಇಲ್ಲೇನು ಕೂತಿದ್ದೀಯ? ಅವರ ಮನೆಗೆ ಹೋಗಿ ಬಾಗಿಲು ಬಡಿ, ಏಳು!"